ಪಿಕಪ್ ಗಾಡಿಯಲ್ಲಿ ಗಾಳಿಯ ದೀಪ ಹೊತ್ತಿಕೊಂಡರೆ ಏನು ಮಾಡಬೇಕು?

ಬೆಳೆಗಾರ ಬಾಂಧವರಲ್ಲಿ ಈಗ ಅನೇಕರ ಮನೆಯಂಗಳದಲ್ಲಿ ಪಿಕಪ್ ಗಾಡಿ ನಿಂತಿರುತ್ತದೆ. ಅಡಿಕೆಯನ್ನು ಮಂಡಿಗೆ, ಕಾಫಿಯನ್ನು ಕ್ಯೂರಿಂಗ್ ಕಾರ್ಖಾನೆಗೆ ಸಾಗಿಸುವುದಕ್ಕೂ, ಬರುವಾಗ ಗೊಬ್ಬರ, ಸುಣ್ಣ, ಮೈಲುತುತ್ತ ತರುವುದಕ್ಕೂ ಅದೇ ಗಾಡಿ. ಹೊಸ ಗಾಡಿಗಳಲ್ಲಿ ಕೆಲವಕ್ಕೆ ಟಯರಿನ ಗಾಳಿ ಇಳಿದರೆ ಚಾಲಕನಿಗೆ ತಿಳಿಸುವ ಒಂದು ದೀಪ ಇರುತ್ತದೆ. ಹಳೆಯ ಗಾಡಿಗಳಿಗೆ ಅಂಗಡಿಯಿಂದ ಇಂಥದೇ ಸಾಧನ ತಂದು ಜೋಡಿಸಿಕೊಂಡವರೂ ಇದ್ದಾರೆ. ಆದರೆ ಆ ದೀಪ ಹೊತ್ತಿಕೊಂಡಾಗ ಏನು ಮಾಡಬೇಕೆಂಬುದು ಬಹಳ ಮಂದಿಗೆ ತಿಳಿಯದು. ಕೆಲವರು ಗಾಬರಿಯಾಗಿ ವರ್ಕ್‌ಶಾಪಿಗೆ ಓಡುತ್ತಾರೆ. ಇನ್ನು ಕೆಲವರು ದೀಪದ ಮೇಲೆ ಕಪ್ಪು ಟೇಪು ಅಂಟಿಸಿ ಸುಮ್ಮನಾಗುತ್ತಾರೆ. ಮೊದಲನೆಯದರಿಂದ ಹಣ ಹೋಗುತ್ತದೆ. ಎರಡನೆಯದರಿಂದ ಪ್ರಾಣ ಹೋಗಬಹುದು. ಆದ್ದರಿಂದ ಈ ಪಾಠವನ್ನು ಬೆಳೆಗಾರರು ಓದುವುದಲ್ಲದೆ ತಮ್ಮ ಚಾಲಕರಿಗೂ ಓದಿ ಹೇಳುವುದು ಒಳ್ಳೆಯದು.

ಉದಾಹರಣೆಗೆ ಒಂದು ಪ್ರಯಾಣವನ್ನು ತೆಗೆದುಕೊಳ್ಳೋಣ. ಶಿರಸಿಯ ಕಡೆಯ ಒಬ್ಬ ಬೆಳೆಗಾರ ಕುರಿಗೊಬ್ಬರ ತರಲು ಬಯಲುಸೀಮೆಗೆ ಹೊರಡುತ್ತಾನೆ ಎಂದುಕೊಳ್ಳಿ. ಮುಂಡಗೋಡ, ಹುಬ್ಬಳ್ಳಿ, ಧಾರವಾಡ ದಾಟಿ, ಕಿತ್ತೂರಿನ ಬಳಿ ಹೆದ್ದಾರಿ ಬಿಟ್ಟು, ಬೈಲಹೊಂಗಲದ ದಿಕ್ಕಿಗೆ ಹೊರಳಿ, ಮಲಪ್ರಭೆಯ ದಂಡೆಯ ಸಂಗೊಳ್ಳಿಗೆ ಬರುತ್ತಾನೆ. ರಾಯಣ್ಣನ ಊರೆಂದು ನಾಡಿಗೆಲ್ಲ ಗೊತ್ತಿರುವ ಊರು ಇದು. ಒಂದೇ ದಿನದಲ್ಲಿ ಈ ಗಾಡಿ ಮಲೆನಾಡಿನ ತಣ್ಣನೆಯ ಬೆಳಗು, ಹೆದ್ದಾರಿಯ ವೇಗ, ಎರೆಮಣ್ಣಿನ ಹೊಲದ ದಾರಿ, ಜಾಲಿ ಮುಳ್ಳು, ಮೇಲೆ ಟನ್ನುಗಟ್ಟಲೆ ಭಾರ ಇವೆಲ್ಲವನ್ನೂ ಕಾಣುತ್ತದೆ. ಟಯರಿನ ಗಾಳಿಯನ್ನು ಏರಿಳಿಸುವ ಕಾರಣಗಳೆಲ್ಲ ಈ ಒಂದೇ ದಾರಿಯಲ್ಲಿ ಸಿಗುತ್ತವೆ.

ದೀಪದ ಹಿನ್ನೆಲೆ

2000ನೇ ಇಸವಿಯಲ್ಲಿ ಅಮೆರಿಕದಲ್ಲಿ ಫೋರ್ಡ್ ಎಕ್ಸ್‌ಪ್ಲೋರರ್ ಎಂಬ ವಾಹನಕ್ಕೆ ಹಾಕಿದ್ದ ಫೈರ್‌ಸ್ಟೋನ್ ಟಯರುಗಳು ಓಡುವಾಗಲೇ ಪದರ ಬಿಟ್ಟು, ಗಾಡಿಗಳು ಮಗುಚಿ, ಇನ್ನೂರಕ್ಕೂ ಹೆಚ್ಚು ಜನ ಸತ್ತ ವಿಷಯ ಬೆಳಕಿಗೆ ಬಂತು. ಲಕ್ಷಗಟ್ಟಲೆ ಟಯರುಗಳನ್ನು ಹಿಂದಕ್ಕೆ ಪಡೆಯಲಾಯಿತು. ಟಯರಿನ ತಯಾರಿಕೆಯಲ್ಲಿ ದೋಷವಿತ್ತೆ, ಗಾಡಿಯಲ್ಲಿ ದೋಷವಿತ್ತೆ ಎಂದು ಎರಡು ಕಂಪನಿಗಳ ನಡುವೆ ದೊಡ್ಡ ವಾದವೇ ನಡೆಯಿತು. ಆ ವಾದದಲ್ಲಿ ಗಾಳಿಯ ಪ್ರಮಾಣವೂ ಒಂದು ಮುಖ್ಯ ಅಂಶವಾಗಿತ್ತು. ಗಾಡಿಯ ಕಂಪನಿ 26 ಪೌಂಡು ಸಾಕೆಂದಿತ್ತು. ಟಯರಿನ ಕಂಪನಿ 30 ಪೌಂಡು ಬೇಕೆಂದಿತು. ಅದೇ ವರ್ಷ ಅಲ್ಲಿ ಕಾನೂನು ಬಂತು. 2007ರ ಸೆಪ್ಟೆಂಬರಿನಿಂದ ಅಲ್ಲಿನ ಎಲ್ಲ ಹೊಸ ಲಘು ವಾಹನಗಳಿಗೆ ಗಾಳಿಯ ದೀಪ ಕಡ್ಡಾಯವಾಯಿತು. ಯುರೋಪಿನಲ್ಲಿ 2014ರಿಂದ ಹೊಸ ಕಾರುಗಳಿಗೂ, 2024ರಿಂದ ಹೊಸ ಲಾರಿ, ವ್ಯಾನುಗಳಿಗೂ ಕಡ್ಡಾಯವಾಯಿತು. ನಮ್ಮ ದೇಶದಲ್ಲಿ 2020ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ಬಂದು, ಟ್ಯೂಬ್‌ಲೆಸ್ ಟಯರು, ಪಂಕ್ಚರ್ ರಿಪೇರಿ ಸಾಮಗ್ರಿ ಮತ್ತು ಈ ದೀಪ ಮೂರೂ ಇರುವ ಪ್ರಯಾಣಿಕ ಕಾರುಗಳಿಗೆ ಸ್ಟೆಪ್ನಿ ಇಲ್ಲದಿದ್ದರೂ ನಡೆಯುತ್ತದೆ ಎಂದಾಯಿತು. ಆದರೆ ಇದು ಸರಕು ಸಾಗಿಸುವ ಪಿಕಪ್ಪಿಗೆ ಹೇಳಿದ ಮಾತಲ್ಲ. ನಮ್ಮ ಗಾಡಿಯಲ್ಲಿ ದೀಪ ಇದ್ದರೂ ಸ್ಟೆಪ್ನಿ ಇರಲೇಬೇಕು, ಅದರಲ್ಲಿ ಗಾಳಿಯೂ ಇರಬೇಕು.

ದೀಪಕ್ಕೆ ಗಾಳಿಯ ಸುದ್ದಿ ಮುಟ್ಟುವ ಬಗೆ

ಮೂರು ಬಗೆಯ ವ್ಯವಸ್ಥೆಗಳಿವೆ. ನಿಮ್ಮ ಗಾಡಿಯಲ್ಲಿರುವುದು ಯಾವುದೆಂದು ಮೊದಲು ತಿಳಿದುಕೊಳ್ಳಬೇಕು.

1. ಒಳಗಿನ ಸೆನ್ಸರ್: ಟಯರಿನ ಒಳಗೆ, ವಾಲ್ವಿನ ಬುಡಕ್ಕೆ ಒಂದು ಪುಟ್ಟ ಯಂತ್ರ ಕೂಡಿಸಿರುತ್ತಾರೆ. ಅದು ಗಾಳಿಯ ಒತ್ತಡವನ್ನು ಅಳೆದು ರೇಡಿಯೋ ಅಲೆಗಳ ಮೂಲಕ ಗಾಡಿಗೆ ತಿಳಿಸುತ್ತದೆ. ಅದರ ಬ್ಯಾಟರಿ ಸಾಮಾನ್ಯವಾಗಿ 5ರಿಂದ 10 ವರ್ಷ ಬಾಳುತ್ತದೆ. ಬ್ಯಾಟರಿ ಉಳಿಸುವುದಕ್ಕಾಗಿ ನಿಂತ ಗಾಡಿಯಲ್ಲಿ ಅದು ನಿದ್ದೆ ಮಾಡುತ್ತದೆ. ಗಾಡಿ ಸುಮಾರು 25 ಕಿ.ಮೀ. ವೇಗಕ್ಕೆ ಬಂದ ಮೇಲೆ ಎಚ್ಚರಗೊಳ್ಳುತ್ತದೆ.

2. ಹೊರಗಿನ ಟೋಪಿ ಸೆನ್ಸರ್: ವಾಲ್ವಿನ ಮುಚ್ಚಳದ ಬದಲಿಗೆ ತಿರುಗಿಸಿ ಹಾಕುವಂಥದು. ಮುಂದೆ ಗಾಜಿನ ಬಳಿ ಬಿಸಿಲಿನಿಂದ ಚಾರ್ಜ್ ಆಗುವ ಒಂದು ಚಿಕ್ಕ ಪರದೆ ಇರುತ್ತದೆ. ಹಳೆಯ ಪಿಕಪ್ಪುಗಳಿಗೆ ಜೋಡಿಸುವುದು ಹೆಚ್ಚಾಗಿ ಇದನ್ನೇ.

3. ಸೆನ್ಸರ್ ಇಲ್ಲದ ಬಗೆ: ಬ್ರೇಕಿನ ಎ.ಬಿ.ಎಸ್. ವ್ಯವಸ್ಥೆ ನಾಲ್ಕು ಗಾಲಿಗಳ ಸುತ್ತನ್ನು ಲೆಕ್ಕ ಹಾಕುತ್ತಿರುತ್ತದೆ. ಗಾಳಿ ಇಳಿದ ಟಯರಿನ ಸುತ್ತಳತೆ ಸ್ವಲ್ಪ ಕಡಿಮೆಯಾಗಿ, ಆ ಗಾಲಿ ಉಳಿದವುಗಳಿಗಿಂತ ಹೆಚ್ಚು ಸುತ್ತುತ್ತದೆ. ಅದನ್ನು ಕಂಡು ದೀಪ ಹೊತ್ತಿಕೊಳ್ಳುತ್ತದೆ. ಇದರ ಕೊರತೆಯೆಂದರೆ, ನಾಲ್ಕೂ ಟಯರಿನ ಗಾಳಿ ಒಂದೇ ಸಮನಾಗಿ ಇಳಿದರೆ ಇದಕ್ಕೆ ತಿಳಿಯುವುದೇ ಇಲ್ಲ.

ದೀಪದ ಭಾಷೆ

ಕುದುರೆ ಲಾಳದ ಆಕಾರ, ಅದರ ನಡುವೆ ಆಶ್ಚರ್ಯಸೂಚಕ ಚಿಹ್ನೆ: ಇದೇ ಗಾಳಿಯ ದೀಪ. ಅದು ಎರಡು ರೀತಿಯಲ್ಲಿ ಮಾತನಾಡುತ್ತದೆ.

ಹೊತ್ತಿಕೊಂಡು ಹಾಗೇ ನಿಂತಿದ್ದರೆ ಯಾವುದೋ ಟಯರಿನಲ್ಲಿ ಗಾಳಿ ಕಡಿಮೆ ಎಂದರ್ಥ.

ಗಾಡಿ ಚಾಲು ಮಾಡಿದಾಗ ಒಂದು ನಿಮಿಷ, ಒಂದೂವರೆ ನಿಮಿಷ ಮಿಣುಕಿ, ಆಮೇಲೆ ನಿಂತು ಉರಿದರೆ ಗಾಳಿಯ ದೋಷವಲ್ಲ, ಅಳೆಯುವ ವ್ಯವಸ್ಥೆಯ ದೋಷ.

ಈ ಒಂದು ವ್ಯತ್ಯಾಸ ತಿಳಿದರೆ ಅರ್ಧ ಕೆಲಸ ಮುಗಿದಂತೆ. ಇನ್ನೊಂದು ಮಾತು: ಅಮೆರಿಕದ ನಿಯಮದ ಪ್ರಕಾರ, ಹೇಳಿದ ಗಾಳಿಗಿಂತ ನೂರಕ್ಕೆ 25 ಪಾಲು ಕಡಿಮೆಯಾದಾಗ ದೀಪ ಹೊತ್ತಬೇಕು. 40 ಪೌಂಡು ಇರಬೇಕಾದ ಟಯರು 30ಕ್ಕೆ ಇಳಿದಾಗ ಎಂದಾಯಿತು. ಅಂದರೆ ದೀಪ ಹೊತ್ತುವ ಹೊತ್ತಿಗೆ ಟಯರು ಆಗಲೇ ಬಹಳ ಸೊರಗಿರುತ್ತದೆ. ದೀಪ ಹೊತ್ತಿಲ್ಲವೆಂದು ಗಾಳಿ ಸರಿಯಾಗಿದೆ ಎಂದು ತಿಳಿಯಬಾರದು.

ದಾರಿಯಲ್ಲಿ ದೀಪ ಹೊತ್ತಿದರೆ

ಒಮ್ಮೆಲೇ ಬ್ರೇಕು ಒತ್ತಬೇಡಿ. ಕಾಲನ್ನು ಎಕ್ಸಲೇಟರಿನಿಂದ ತೆಗೆದು, ಸ್ಟೇರಿಂಗನ್ನು ನೆಟ್ಟಗೆ ಹಿಡಿದು, ವೇಗ ತಾನಾಗಿ ಇಳಿಯಲಿ. ಘಟ್ಟದ ತಿರುವಿನಲ್ಲಾಗಲಿ ಇಳಿಜಾರಿನಲ್ಲಾಗಲಿ ನಿಲ್ಲಿಸದೆ, ಸಮತಟ್ಟಾದ ಜಾಗ ನೋಡಿ ರಸ್ತೆಯಿಂದ ಪೂರ್ತಿ ಹೊರಗೆ ನಿಲ್ಲಿಸಿ. ನಾಲ್ಕೂ ಕಡೆಯ ಇಂಡಿಕೇಟರ್ ಹಾಕಿ. ಹ್ಯಾಂಡ್‌ಬ್ರೇಕು ಎಳೆದು ಗಾಲಿಗೆ ಕಲ್ಲು ಕೊಡಿ.

ಆಮೇಲೆ ಸುತ್ತು ಹಾಕಿ ನೋಡಿ. ಆದರೆ ಕಣ್ಣಳತೆಯನ್ನೇ ನಂಬಬೇಡಿ. ಈಗಿನ ರೇಡಿಯಲ್ ಟಯರುಗಳ ಪಕ್ಕೆ ಗಾಳಿ ಸರಿಯಿದ್ದಾಗಲೂ ಸ್ವಲ್ಪ ಉಬ್ಬಿಯೇ ಇರುತ್ತದೆ. ಕಾಲಿನಿಂದ ಒದ್ದು ನೋಡುವುದರಿಂದಲೂ 55 ಪೌಂಡಿಗೂ 40 ಪೌಂಡಿಗೂ ಭೇದ ತಿಳಿಯದು. ಪ್ರತಿ ಗಾಡಿಯಲ್ಲೂ ಒಂದು ಗೇಜು ಇರಲಿ. ಅದರ ಬೆಲೆ ಒಂದು ಟಯರಿನ ಬೆಲೆಯ ಮುಂದೆ ಏನೂ ಅಲ್ಲ.

ಒಂದು ಟಯರು ಮಾತ್ರ ಉಳಿದವುಗಳಿಗಿಂತ ಬಹಳ ಇಳಿದಿದ್ದರೆ ಅದು ಪಂಕ್ಚರ್ ಎಂದೇ ತಿಳಿಯಬೇಕು. ಭಾರ ಹೊತ್ತ ಗಾಡಿಯನ್ನು ಇಳಿದ ಟಯರಿನ ಮೇಲೆ ಅಂಗಡಿಯವರೆಗೆ ಓಡಿಸಿದರೆ ಟಯರಿನ ಒಳಪಕ್ಕೆ ಅರೆದು ಹೋಗುತ್ತದೆ. ಆಮೇಲೆ ಬತ್ತಿ ಹಾಕಿದರೂ ಅದು ನಂಬಿಕೆಗೆ ಅರ್ಹವಲ್ಲ. ಸ್ಟೆಪ್ನಿ ಹಾಕುವುದೇ ಸರಿ. ನಾಲ್ಕೂ ಸಮನಾಗಿ ಸ್ವಲ್ಪ ಸ್ವಲ್ಪ ಇಳಿದಿದ್ದರೆ ನಿಧಾನವಾಗಿ ಹತ್ತಿರದ ಗಾಳಿ ಪಂಪಿಗೆ ಹೋಗಬಹುದು.

ಬೆಳಗ್ಗೆ ಹೊತ್ತಿ ಮಧ್ಯಾಹ್ನ ಆರುವ ದೀಪ

ಬೆಳೆಗಾರರನ್ನು ಹೆಚ್ಚು ಕಾಡುವ ಒಗಟು ಇದು. ಮುಂಜಾನೆ ಗಾಡಿ ತೆಗೆದರೆ ದೀಪ ಹೊತ್ತಿರುತ್ತದೆ. ಹತ್ತು ಹದಿನೈದು ಕಿಲೋಮೀಟರು ಹೋದ ಮೇಲೆ ತಾನಾಗಿ ಆರುತ್ತದೆ. "ದೀಪವೇ ಕೆಟ್ಟಿದೆ" ಎಂದು ಚಾಲಕ ತೀರ್ಮಾನ ಮಾಡುತ್ತಾನೆ. ನಿಜದಲ್ಲಿ ದೀಪ ಸರಿಯಾಗಿಯೇ ಹೇಳುತ್ತಿದೆ.

ಚಕ್ಕಡಿಯ ಗಾಲಿಗೆ ಕಬ್ಬಿಣದ ಹಳಿ ಏರಿಸುವಾಗ ಕಮ್ಮಾರ ಅದನ್ನು ಕಾಯಿಸುವುದನ್ನು ನಮ್ಮ ಹಿರಿಯರು ನೋಡಿದ್ದಾರೆ. ಕಾದಾಗ ಹಿಗ್ಗುತ್ತದೆ, ತಣಿದಾಗ ಕುಗ್ಗಿ ಗಾಲಿಯನ್ನು ಬಿಗಿಯುತ್ತದೆ. ಗಾಳಿಯದೂ ಅದೇ ಸ್ವಭಾವ. ಟಯರಿನೊಳಗೆ ಅದಕ್ಕೆ ಹಿಗ್ಗಲು ಜಾಗವಿಲ್ಲದ ಕಾರಣ ಒತ್ತಡ ಏರುತ್ತದೆ. ಪಿಕಪ್ ಟಯರುಗಳಲ್ಲಿ 10 ಡಿಗ್ರಿ ಸೆಲ್ಸಿಯಸ್ ಶಾಖ ಹೆಚ್ಚಾದರೆ ಸುಮಾರು 2 ಪೌಂಡು ಏರುತ್ತದೆ. 10 ಡಿಗ್ರಿ ಇಳಿದರೆ ಅಷ್ಟೇ ಇಳಿಯುತ್ತದೆ.

ಈಗ ನಮ್ಮ ಸಂಗೊಳ್ಳಿಯ ಪ್ರಯಾಣಕ್ಕೆ ಲೆಕ್ಕ ಹಾಕೋಣ. ಡಿಸೆಂಬರ್ ತಿಂಗಳು. ಹೆದ್ದಾರಿಯಲ್ಲಿ ಭಾರ ಹೊತ್ತು ಓಡಿ ಟಯರಿನೊಳಗಿನ ಗಾಳಿ 50 ಡಿಗ್ರಿಗೆ ಕಾದಿದೆ. ಚಾಲಕ ಕಿತ್ತೂರಿನ ಬಳಿ ಪಂಪಿನಲ್ಲಿ ನಿಲ್ಲಿಸಿ ಮುಂದಿನ ಟಯರಿಗೆ ಸರಿಯಾಗಿ 40 ಪೌಂಡು ಮಾಡಿಸುತ್ತಾನೆ. ಮರುದಿನ ಮಲೆನಾಡಿನ ಮುಂಜಾನೆ 14 ಡಿಗ್ರಿ. ಒಳಗಿನ ಗಾಳಿ 36 ಡಿಗ್ರಿ ತಣಿದಿದೆ. ಯಾವ ಪಂಕ್ಚರೂ ಇಲ್ಲದೆ 40 ಇದ್ದದ್ದು 34 ಆಗಿರುತ್ತದೆ. ಒಳ್ಳೆಯ ಟಯರಿನಿಂದಲೂ ತಿಂಗಳಿಗೆ ಒಂದೆರಡು ಪೌಂಡು ಗಾಳಿ ತಾನಾಗಿ ಸೋರುವುದು ಸಹಜ. ಫೆಬ್ರವರಿಯ ಹೊತ್ತಿಗೆ ಇನ್ನೂ 4 ಪೌಂಡು ಹೋಗಿ 30ಕ್ಕೆ ಮುಟ್ಟುತ್ತದೆ. ಒಂದು ಚಳಿಯ ಬೆಳಗ್ಗೆ ದೀಪ ಹೊತ್ತುತ್ತದೆ. ಗಾಡಿ ಓಡಿ ಟಯರು ಬಿಸಿಯಾದಾಗ ಮೂರು ನಾಲ್ಕು ಪೌಂಡು ಏರಿ ದೀಪ ಆರುತ್ತದೆ. ಆರಿತೆಂದು ಗಾಳಿ ತುಂಬಿತೆ? ಇಲ್ಲ. ಕೊರತೆ ಹಾಗೇ ಇದೆ, ಶಾಖ ಅದನ್ನು ಮುಚ್ಚಿದೆ ಅಷ್ಟೇ.

ಇದರಿಂದ ಎರಡು ನಿಯಮಗಳು ಹುಟ್ಟುತ್ತವೆ. ಮೊದಲನೆಯದು, ಗಾಳಿಯನ್ನು ತಣ್ಣಗಿನ ಟಯರಿನಲ್ಲಿ ನೋಡಬೇಕು. ಗಾಡಿ ಮೂರು ಗಂಟೆಯಾದರೂ ನಿಂತಿರಬೇಕು, ಇಲ್ಲವೆ ಒಂದೆರಡು ಕಿಲೋಮೀಟರಿಗಿಂತ ಹೆಚ್ಚು ಓಡಿರಬಾರದು. ಎರಡನೆಯದು, ದಾರಿಯಲ್ಲಿ ಬಿಸಿ ಟಯರಿನ ಗೇಜು 45 ತೋರಿಸಿತೆಂದು ಗಾಳಿ ಬಿಡಬಾರದು. ಬಿಟ್ಟರೆ ತಣಿದಾಗ ಕೊರತೆ ಬೀಳುತ್ತದೆ.

ನಿಧಾನವಾಗಿ ಸೋರುವ ಟಯರು

ಗಾಳಿ ಸರಿಮಾಡಿಸಿದ ಮೂರು ನಾಲ್ಕು ದಿನಕ್ಕೆ ಮತ್ತೆ ಅದೇ ಟಯರು ಇಳಿದರೆ ಸೋರಿಕೆ ಇದೆ ಎಂದರ್ಥ. ಟ್ಯೂಬ್‌ಲೆಸ್ ಟಯರಿಗೆ ಜಾಲಿ ಮುಳ್ಳು ಚುಚ್ಚಿ ಒಳಗೇ ಮುರಿದರೆ ಗಾಳಿ ಬುಸ್ಸೆಂದು ಹೋಗದು. ದಿನಕ್ಕೆ ಸ್ವಲ್ಪ ಸ್ವಲ್ಪವೇ ಹೋಗುತ್ತದೆ. ಎರೆಹೊಲದ ದಾರಿಯಲ್ಲಿ ಮೆತ್ತಿದ ಮಣ್ಣು ಒಣಗಿ ಮುಳ್ಳಿನ ತಲೆಯನ್ನು ಮುಚ್ಚಿರುತ್ತದೆ. ಆದ್ದರಿಂದ ಮೊದಲು ಟಯರನ್ನು ತೊಳೆಯಿರಿ. ಆಮೇಲೆ ಸಾಬೂನಿನ ನೊರೆ ಹಚ್ಚಿ ಈ ಕ್ರಮದಲ್ಲಿ ನೋಡಿ:

ಮೊದಲು ವಾಲ್ವಿನ ಬಾಯಿ. ಪಂಕ್ಚರ್ ಅಂಗಡಿಯವರು ಎಂಜಲು ಹಚ್ಚಿ ನೋಡುವುದು ಇದನ್ನೇ. ಗುಳ್ಳೆ ಬಂದರೆ ವಾಲ್ವ್ ಪಿನ್ನು ಬಿಗಿಮಾಡಿ ಅಥವಾ ಬದಲಾಯಿಸಿ.

ಎರಡನೆಯದು ವಾಲ್ವಿನ ಬುಡ. ರಬ್ಬರು ಬಿರಿತಿದೆಯೇ ಎಂದು ಪಕ್ಕಕ್ಕೆ ಬಗ್ಗಿಸಿ ನೋಡಿ.

ಮೂರನೆಯದು ಟಯರಿನ ಮೇಲ್ಮೈ. ಹರಳು, ಮೊಳೆ, ಮುಳ್ಳು.

ನಾಲ್ಕನೆಯದು ಟಯರೂ ರಿಮ್ಮೂ ಕೂಡುವ ಅಂಚು. ಗುಂಡಿಗೆ ಬಿದ್ದು ರಿಮ್ಮು ಬಾಗಿದ್ದರೆ, ಇಲ್ಲವೆ ತುಕ್ಕು ಹಿಡಿದಿದ್ದರೆ ಇಲ್ಲಿ ಸೋರುತ್ತದೆ.

ಮೇಲ್ಮೈಯ ತೂತಿಗೆ ಬತ್ತಿ ಹಾಕಬಹುದು. ಪಕ್ಕೆಯಲ್ಲಿ ತೂತಾಗಿದ್ದರೆ ಬತ್ತಿ ಹಾಕಿ ಭಾರ ಹೊರಿಸಬಾರದು. ಆ ಟಯರನ್ನು ಬದಲಾಯಿಸಬೇಕು.

ಗಾಳಿ ಸರಿಯಿದ್ದೂ ದೀಪ ಆರದಿದ್ದರೆ

ಗೇಜಿನಲ್ಲಿ ನಾಲ್ಕೂ ಟಯರು ಸರಿಯಿವೆ; ಆದರೂ ದೀಪ ಉರಿಯುತ್ತಿದೆ ಅಥವಾ ಮಿಣುಕುತ್ತಿದೆ. ಆಗ ಈ ಕಾರಣಗಳನ್ನು ಒಂದೊಂದಾಗಿ ನೋಡಬೇಕು.

ಅ) ಗಾಡಿಗೆ ಇನ್ನೂ ಸುದ್ದಿ ಮುಟ್ಟಿಲ್ಲ: ಸೆನ್ಸರ್ ಎಚ್ಚರವಾಗಲು ಗಾಡಿ ಓಡಬೇಕು. ಹತ್ತು ಇಪ್ಪತ್ತು ನಿಮಿಷ ಓಡಿಸಿ ನೋಡಿ. ಸೆನ್ಸರ್ ಇಲ್ಲದ ಮೂರನೆಯ ಬಗೆಯಲ್ಲಿ ಗಾಳಿ ಹಾಕಿಸಿದ ಮೇಲೆ ಪ್ರತಿ ಬಾರಿಯೂ ರೀಸೆಟ್ ಗುಂಡಿ ಒತ್ತಬೇಕು. ಆದರೆ ಗಾಳಿ ಸರಿಮಾಡದೆ ರೀಸೆಟ್ ಮಾಡಿದರೆ ಸೊರಗಿದ ಟಯರನ್ನೇ ಸರಿಯೆಂದು ಗಾಡಿಗೆ ಕಲಿಸಿದಂತೆ ಆಗುತ್ತದೆ. ಇದು ಟೇಪು ಅಂಟಿಸಿದ್ದಕ್ಕಿಂತ ಕೆಟ್ಟದ್ದು.

ಆ) ಗಾಲಿ ಅದಲುಬದಲು: ಪಿಕಪ್ಪಿನಲ್ಲಿ ಮುಂದೆ ಒಂದು ಗಾಳಿ, ಹಿಂದೆ ಬೇರೆ ಗಾಳಿ. ಸವೆತ ಸಮನಾಗಲೆಂದು ಮುಂದಿನದನ್ನು ಹಿಂದಕ್ಕೆ ಹಾಕಿದಾಗ ಒಳಗಿನ ಸೆನ್ಸರೂ ಅದರ ಜೊತೆಗೆ ಹೋಗುತ್ತದೆ. ಗಾಡಿಗೆ ಇದು ತಿಳಿಯದಿದ್ದರೆ 40 ಇರುವ ಮುಂದಿನ ಟಯರನ್ನು ಹಿಂದಿನದೆಂದು ಎಣಿಸಿ, 55 ಇಲ್ಲವಲ್ಲ ಎಂದು ದೀಪ ಹೊತ್ತಿಸುತ್ತದೆ. ಗಾಲಿ ಬದಲಿಸಿದ ಮೇಲೆ ಜಾಗವನ್ನು ಹೊಸದಾಗಿ ಕಲಿಸಬೇಕು. ಗಾಡಿಯ ಪುಸ್ತಕದಲ್ಲಿ ಕ್ರಮ ಕೊಟ್ಟಿರುತ್ತದೆ.

ಇ) ಸ್ಟೆಪ್ನಿ ಹಾಕಿದೆ: ಅನೇಕ ಗಾಡಿಗಳ ಸ್ಟೆಪ್ನಿಯಲ್ಲಿ ಸೆನ್ಸರ್ ಇರುವುದಿಲ್ಲ. ದೀಪ ಮಿಣುಕಿ ನಿಲ್ಲುತ್ತದೆ. ಗಾಡಿ ಕೆಟ್ಟಿಲ್ಲ.

ಈ) ಪಂಕ್ಚರ್ ಹಾಕುವಾಗ ಪೆಟ್ಟು: ಟಯರು ಬಿಚ್ಚುವ ಸಬ್ಬಲು ವಾಲ್ವಿನ ಪಕ್ಕದಲ್ಲೇ ಬಿದ್ದರೆ ಒಳಗಿನ ಸೆನ್ಸರ್ ಒಡೆಯುತ್ತದೆ. "ಒಳಗೆ ಸೆನ್ಸರ್ ಇದೆ, ವಾಲ್ವಿನ ಎದುರು ದಿಕ್ಕಿನಿಂದ ಬಿಚ್ಚಿ" ಎಂದು ಅಂಗಡಿಯವನಿಗೆ ಮೊದಲೇ ಹೇಳಬೇಕು. ಬಾಗಿದ ರಿಮ್ಮಿಗೆಂದು ಟ್ಯೂಬ್‌ಲೆಸ್ ಟಯರಿನೊಳಗೆ ಟ್ಯೂಬು ಹಾಕಿದರೆ ಸೆನ್ಸರನ್ನು ಕಳಚಬೇಕಾಗುತ್ತದೆ. ಆಗ ದೀಪ ಆರುವುದೇ ಇಲ್ಲ. ಪಂಕ್ಚರ್ ತಡೆಯಲು ಒಳಗೆ ಸುರಿಯುವ ಅಂಟು ದ್ರವವೂ ಸೆನ್ಸರಿನ ಕಿಂಡಿಯನ್ನು ಮುಚ್ಚಬಹುದು.

ಉ) ಬ್ಯಾಟರಿ ಮುಗಿದಿದೆ: ಗಾಡಿಗೆ ಆರೇಳು ವರ್ಷವಾಗಿದ್ದರೆ ಇದನ್ನು ಸಂಶಯಿಸಬೇಕು. ಒಳಗಿನ ಸೆನ್ಸರಿನ ಬ್ಯಾಟರಿ ಸಾಮಾನ್ಯವಾಗಿ ಬದಲಿಸಲು ಬರುವುದಿಲ್ಲ, ಸೆನ್ಸರನ್ನೇ ಬದಲಿಸಬೇಕು. ಹೊಸ ಟಯರು ಹಾಕಿಸುವಾಗಲೇ ಈ ಕೆಲಸ ಮಾಡಿಸಿದರೆ ಬಿಚ್ಚುವ ಕೂಲಿ ಉಳಿಯುತ್ತದೆ. ಟೋಪಿ ಸೆನ್ಸರಿನ ಗುಂಡಿ ಬ್ಯಾಟರಿಯನ್ನು ನಾವೇ ಬದಲಿಸಬಹುದು.

ಊ) ವಾಲ್ವಿಗೆ ತುಕ್ಕು: ಇದು ನಮ್ಮ ತೋಟಗಳಿಗೇ ವಿಶೇಷವಾದ ತೊಂದರೆ. ಕೊಳೆರೋಗದ ಔಷಧಿ ಹೊಡೆಯುವ ಕಾಲದಲ್ಲಿ ಬೋರ್ಡೋ ದ್ರಾವಣದ ಪೀಪಾಯಿಗಳು ಇದೇ ಗಾಡಿಯಲ್ಲಿ ಹೋಗುತ್ತವೆ. ಮೈಲುತುತ್ತದ ನೀರು ಅಲ್ಯುಮಿನಿಯಂ ಅನ್ನು ಕೊರೆಯುತ್ತದೆ. ಒಳಗಿನ ಸೆನ್ಸರಿನ ವಾಲ್ವು ಅನೇಕ ವೇಳೆ ಅಲ್ಯುಮಿನಿಯಂದೇ. ಅದಕ್ಕೆ ಹಿತ್ತಾಳೆಯ ಪಿನ್ನು ಹಾಕಿದರೆ ಎರಡೂ ಕಚ್ಚಿಕೊಂಡು ಬಿಚ್ಚಲು ಬಾರದಂತಾಗುತ್ತದೆ. ಔಷಧಿ ಸಾಗಿಸಿದ ದಿನ ಗಾಲಿಗಳನ್ನು ನೀರಿನಿಂದ ತೊಳೆಯಿರಿ. ನಿಕ್ಕಲ್ ಲೇಪದ ಪಿನ್ನನ್ನೇ ಹಾಕಿಸಿ. ಮುಚ್ಚಳವಿಲ್ಲದೆ ವಾಲ್ವನ್ನು ಬಿಡಬೇಡಿ.

ಟೋಪಿ ಸೆನ್ಸರ್ ಹಾಕಿಕೊಂಡವರಿಗೆ

ಇವುಗಳ ಮಿತಿಯನ್ನು ಅಂಗಡಿಯವರು ಕಾರಿಗೆ ತಕ್ಕಂತೆ ಇಟ್ಟಿರುವುದುಂಟು. ಹಾಗಾದರೆ ಪಿಕಪ್ಪಿನ ಹಿಂದಿನ ಟಯರಿಗೆ 55 ಪೌಂಡು ಹಾಕಿದೊಡನೆ "ಗಾಳಿ ಹೆಚ್ಚು" ಎಂದು ಕೂಗತೊಡಗುತ್ತದೆ. ಮಿತಿಯನ್ನು ನಾವೇ ಇಡಬೇಕು. ಬಾಗಿಲ ಚೌಕಟ್ಟಿನ ಮೇಲೆ ಅಂಟಿಸಿರುವ ಪಟ್ಟಿಯಲ್ಲಿ ನಿಮ್ಮ ಗಾಡಿಗೆ ಬೇಕಾದ ಗಾಳಿ ಬರೆದಿರುತ್ತದೆ. ಉದಾಹರಣೆಗೆ ಮುಂದೆ 40, ಹಿಂದೆ 55 ಎಂದಿದ್ದರೆ, ಕೆಳಮಿತಿಯನ್ನು ಐದರಲ್ಲೊಂದು ಪಾಲು ಕಡಿಮೆ ಇಡಿ: ಮುಂದೆ 32, ಹಿಂದೆ 44. ಮೇಲ್ಮಿತಿಯನ್ನು ಕಾಲುಪಾಲು ಹೆಚ್ಚು ಇಡಿ: ಮುಂದೆ 50, ಹಿಂದೆ ಸುಮಾರು 70.

ಪರದೆ ಪೌಂಡಿನ ಬದಲು ಬಾರ್ ಎಂಬ ಲೆಕ್ಕದಲ್ಲಿ ತೋರಿಸುತ್ತಿದ್ದರೆ ಗೊಂದಲ ಬೇಡ. ಒಂದು ಬಾರ್ ಎಂದರೆ ಹದಿನಾಲ್ಕೂವರೆ ಪೌಂಡು. 40 ಪೌಂಡು ಸುಮಾರು 2.8 ಬಾರ್, 55 ಪೌಂಡು 3.8 ಬಾರ್.

ಟೋಪಿಯ ತೂಕಕ್ಕೆ ಹಳೆಯ ರಬ್ಬರ್ ವಾಲ್ವು ಬುಡದಲ್ಲಿ ಬಿರಿಯಬಹುದು. ಲೋಹದ ವಾಲ್ವು ಹಾಕಿಸುವುದು ಕ್ಷೇಮ. ಘಟ್ಟ ಇಳಿಯುವಾಗ ಪರದೆ ಶಾಖದ ಎಚ್ಚರಿಕೆ ಕೊಟ್ಟರೆ, ಬ್ರೇಕಿನ ಬಿಸಿ ರಿಮ್ಮಿಗೆ ಏರಿದೆ ಎಂದು ತಿಳಿದು ನಿಲ್ಲಿಸಿ ತಣಿಯಲು ಬಿಡಿ. ನೀರು ಸುರಿಯಬೇಡಿ. ಒಂದೇ ಗಾಲಿ ಉಳಿದವುಗಳಿಗಿಂತ ಬಹಳ ಬಿಸಿಯಾಗಿದ್ದರೆ ಅಲ್ಲಿ ಬ್ರೇಕು ಕಚ್ಚಿದೆ ಅಥವಾ ಬೇರಿಂಗು ಕೆಟ್ಟಿದೆ. ಮುಂದಿನ ಇಳಿಜಾರಿಗೆ ಮೊದಲೇ ಅದನ್ನು ತೋರಿಸಿ.

ಭಾರ ಮತ್ತು ಗಾಳಿ

ಟಯರು ಭಾರ ಹೊರುವುದು ರಬ್ಬರಿನಿಂದಲ್ಲ, ಒಳಗಿನ ಗಾಳಿಯಿಂದ. ಗಾಳಿ ಕಡಿಮೆಯಾದಾಗ ಟಯರಿನ ಪಕ್ಕೆ ಪ್ರತಿ ಸುತ್ತಿಗೂ ಹೆಚ್ಚು ಬಾಗಿ ಏಳುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಿದ್ದರೆ ಬಿಸಿಯಾಗಿ ತುಂಡಾಗುವಂತೆ, ಟಯರೂ ಒಳಗೇ ಕಾದು ಪದರ ಬಿಡುತ್ತದೆ. ಕಡಿಮೆ ಗಾಳಿ, ಹೆಚ್ಚು ಭಾರ, ಹೆಚ್ಚು ವೇಗ, ಬೇಸಗೆಯ ಡಾಂಬರು: ಈ ನಾಲ್ಕೂ ಸೇರಿದಾಗ ಟಯರು ಸಿಡಿಯುತ್ತದೆ.

50 ಕಿಲೋ ತೂಕದ 30 ಚೀಲ ಕಾಫಿ ಹೇರಿದರೆ ಒಂದೂವರೆ ಟನ್ನಾಯಿತು. ಕೆಲವು ಪಿಕಪ್ಪುಗಳ ಮಿತಿಯೇ 1.3 ಟನ್. ಚೀಲವನ್ನು ಎಣಿಸಬಹುದು, ಗೊಬ್ಬರವನ್ನು ಎಣಿಸಲು ಬಾರದು. ಒಣ ಗೊಬ್ಬರದ ಅದೇ ರಾಶಿ ಮಳೆಯಲ್ಲಿ ನೆನೆದರೆ ತೂಕ ಬಹಳ ಏರುತ್ತದೆ. ಆದ್ದರಿಂದ ತಾಡಪತ್ರಿ ಹೊದಿಸುವುದು ಟಯರಿಗೂ ಒಳ್ಳೆಯದು. ಮಿತಿ ಮೀರಿದ ಭಾರಕ್ಕೆ ಗಾಳಿ ಹೆಚ್ಚು ಹಾಕಿ ಸರಿದೂಗಿಸುತ್ತೇವೆ ಎಂಬುದು ತಪ್ಪು ಲೆಕ್ಕ.

ಕೊನೆಯಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಕೊಯ್ಲಿನ ಕಾಲದಲ್ಲಿ ಆಳುಗಳನ್ನು ಪಿಕಪ್ಪಿನ ಹಿಂದೆ ನಿಲ್ಲಿಸಿ ಕರೆದೊಯ್ಯುವ ಪದ್ಧತಿ ಹಲವು ಕಡೆ ಇದೆ. ಸರಕು ಗಾಡಿಯಲ್ಲಿ ಜನರನ್ನು ಸಾಗಿಸುವುದು ಕಾನೂನಿಗೆ ವಿರುದ್ಧ. ಹಿಂದಿನ ಟಯರು ಸಿಡಿದು ಗಾಡಿ ವಾಲಿದರೆ ಒಳಗೆ ಕುಳಿತ ಚಾಲಕ ಬದುಕಬಹುದು. ಹಿಂದೆ ನಿಂತ ಹೆಣ್ಣಾಳುಗಳಿಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಯಾವ ದೀಪವೂ ಅವರನ್ನು ಕಾಪಾಡದು. ಅವರಿಗೆ ಬೇರೆ ವಾಹನದ ಏರ್ಪಾಡು ಮಾಡುವುದು ತೋಟದ ಯಜಮಾನನ ಹೊಣೆ.

ಕಲಿತದ್ದನ್ನು ಪರೀಕ್ಷಿಸಿಕೊಳ್ಳಿ

ಪ್ರಶ್ನೆ: ದೀಪ ಒಂದು ನಿಮಿಷ ಮಿಣುಕಿ ನಂತರ ನಿಂತು ಉರಿಯುತ್ತದೆ. ಗಾಳಿ ಹಾಕಿಸಬೇಕೆ?
ಉತ್ತರ: ಇದು ಅಳೆಯುವ ವ್ಯವಸ್ಥೆಯ ದೋಷ. ಆದರೂ ಗೇಜಿನಿಂದ ಗಾಳಿ ನೋಡಿ. ಏಕೆಂದರೆ ದೀಪ ಕೆಟ್ಟಿರುವಾಗ ಟಯರು ಇಳಿದರೆ ನಿಮಗೆ ಹೇಳುವವರಿಲ್ಲ.

ಪ್ರಶ್ನೆ: ನಾಲ್ಕೂ ಟಯರಿನಲ್ಲಿ ಗಾಳಿ ಸಮನಾಗಿ ಕಡಿಮೆಯಾಗಿದೆ, ದೀಪ ಹೊತ್ತಿಲ್ಲ. ಏಕೆ?
ಉತ್ತರ: ಗಾಡಿಯಲ್ಲಿರುವುದು ಸುತ್ತು ಎಣಿಸುವ ಬಗೆ ಇರಬಹುದು. ಇಲ್ಲವೆ ಗಾಳಿ ಇನ್ನೂ ದೀಪದ ಮಿತಿಗೆ ಇಳಿದಿಲ್ಲ.

ಪ್ರಶ್ನೆ: ಮಧ್ಯಾಹ್ನ ದಾರಿಯಲ್ಲಿ ಗಾಳಿ ಹಾಕಿಸಲೇಬೇಕಾಗಿ ಬಂದರೆ?
ಉತ್ತರ: ಕೊರತೆ ಇದ್ದಷ್ಟು ತುಂಬಿಸಿ, ಆದರೆ ಬಿಟ್ಟು ಇಳಿಸಬೇಡಿ. ಮರುದಿನ ಬೆಳಗ್ಗೆ ತಣ್ಣಗಿರುವಾಗ ಮತ್ತೆ ಅಳೆದು ಸರಿಮಾಡಿ.

ಹದಿನೈದು ದಿನಕ್ಕೊಮ್ಮೆ, ಹಾಗೂ ದೂರದ ಹೇರಿಗೆ ಹೊರಡುವ ಮುನ್ನ, ಬೆಳಗಿನ ತಂಪಿನಲ್ಲಿ ಐದೂ ಟಯರುಗಳ ಗಾಳಿ ನೋಡಿ, ಒಂದು ಚಿಕ್ಕ ಪುಸ್ತಕದಲ್ಲಿ ತಾರೀಖು ಸಹಿತ ಬರೆದಿಡಿ. ಯಾವ ಟಯರು ಉಳಿದವುಗಳಿಗಿಂತ ಬೇಗ ಇಳಿಯುತ್ತಿದೆ ಎಂಬುದನ್ನು ಆ ಪುಸ್ತಕ ದೀಪಕ್ಕಿಂತ ಮೊದಲೇ ತಿಳಿಸುತ್ತದೆ.